ಒಂದೇ ಅಳತೆ, ಒಂದೇ ಬಲವೆ?

ಜೋಳವನ್ನು ಸೇರಿನಿಂದ ಅಳೆದು ಮಾರುತ್ತಿದ್ದ ಕಾಲದಲ್ಲಿ, ಬೈಲಹೊಂಗಲದ ಸಂತೆಯಲ್ಲಾಗಲಿ ರಾಮದುರ್ಗದ ಪೇಟೆಯಲ್ಲಾಗಲಿ, ಕೊಳ್ಳುವವನ ಕಣ್ಣು ಸೇರಿಗಿಂತ ಹೆಚ್ಚಾಗಿ ಅಳೆಯುವವನ ಕೈಯ ಮೇಲಿರುತ್ತಿತ್ತು. ಮೆಲ್ಲಗೆ ಸುರಿದು ಮಟ್ಟಮಾಡಿದ ಸೇರು ಒಂದು. ಸುರಿದು, ಅಲುಗಿಸಿ, ಮತ್ತೆ ಸುರಿದು ಮಟ್ಟಮಾಡಿದ ಸೇರು ಇನ್ನೊಂದು. ಪಾತ್ರೆ ಅದೇ, ಕಾಳೂ ಅದೇ. ಆದರೆ ತಕ್ಕಡಿಗೆ ಹಾಕಿದರೆ ಎರಡರ ತೂಕ ಬೇರೆ. ಈ ಸಂಗತಿಯನ್ನು ಅರಿಯಲು ನಮ್ಮ ಹಿರಿಯರಿಗೆ ಯಾವ ವಿಜ್ಞಾನಿಯ ನೆರವೂ ಬೇಕಾಗಿರಲಿಲ್ಲ.

ಜೋಳದ ವ್ಯವಹಾರದಲ್ಲಿ ಈ ವ್ಯತ್ಯಾಸದಿಂದ ಆಗುವ ನಷ್ಟವೆಂದರೆ ಒಂದು ಹಿಡಿ ಕಾಳು. ಬಂದೂಕಿನ ಮದ್ದಿನಲ್ಲಿ ಹಾಗಲ್ಲ. ಅಲ್ಲಿ ಅಳತೆ ತುಸು ಕಡಿಮೆಯಾದರೆ ಗುರಿ ತಪ್ಪುತ್ತದೆ; ಮಿತಿಮೀರಿ ಹೆಚ್ಚಾದರೆ ನಳಿಗೆಯೇ ಸೀಳಿ, ಹೊಡೆಯುವವನ ಕೈಯನ್ನೋ ಕಣ್ಣನ್ನೋ ಕಳೆಯುತ್ತದೆ. ಆದುದರಿಂದ ಪ್ರತಿಸಲವೂ ಸಮನಾದ ಮದ್ದನ್ನು ತುಂಬುವುದು ಹೇಗೆಂಬ ಪ್ರಶ್ನೆ ಬಂದೂಕಿನಷ್ಟೇ ಹಳೆಯದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯಲ್ಲಿ ಈ ಪ್ರಶ್ನೆಗೆ ವಿಶೇಷವಾದ ಅರ್ಥವೂ ಉಂಟು. ಮದ್ದು ಕೈಕೊಟ್ಟ ಕಥೆಯೊಂದನ್ನು ಇಲ್ಲಿಯ ಜನ ಇನ್ನೂ ಮರೆತಿಲ್ಲ.

ಕಿತ್ತೂರಿನ ಮದ್ದು

೧೮೨೪ನೆಯ ಇಸವಿಯ ಅಕ್ಟೋಬರ್ ೨೩ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆ ಮಡಿದನು. ಈ ಸೋಲಿನ ಸೇಡು ತೀರಿಸಲು ಕಂಪನಿ ಸರಕಾರ ದೊಡ್ಡ ಸೈನ್ಯವನ್ನೂ ತೋಪುಗಳನ್ನೂ ಕಳುಹಿಸಿತು. ಡಿಸೆಂಬರ್ ತಿಂಗಳ ಮೊದಲ ವಾರದಲ್ಲಿ ಕೋಟೆ ಬಿದ್ದಿತು. ಸೆರೆಯಾದ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಬಂಧನದಲ್ಲಿದ್ದು ೧೮೨೯ರ ಫೆಬ್ರವರಿಯಲ್ಲಿ ತೀರಿಕೊಂಡಳು. ಅವಳ ಸಮಾಧಿ ಇಂದಿಗೂ ಆ ಊರಿನಲ್ಲಿದೆ.

ಒಮ್ಮೆ ಗೆದ್ದ ಕೋಟೆ ಎರಡನೆಯ ಸಲ ಏಕೆ ಬಿದ್ದಿತು? ಇದಕ್ಕೆ ಈ ಸೀಮೆಯ ಜನ ತಲೆಮಾರುಗಳಿಂದ ಒಂದು ಉತ್ತರ ಹೇಳುತ್ತ ಬಂದಿದ್ದಾರೆ. ಸಂಸ್ಥಾನದ ಕಾರಭಾರಿಗಳಲ್ಲಿ ದ್ರೋಹಿಗಳಾದವರು ಕೋಟೆಯ ಮದ್ದಿನಲ್ಲಿ ಸೆಗಣಿಯನ್ನು ಬೆರೆಸಿದ್ದರೆಂದೂ, ತೋಪುಗಳಿಗೆ ಬತ್ತಿಯಿಟ್ಟಾಗ ಗುಂಡು ಹಾರಲಿಲ್ಲವೆಂದೂ ಆ ಕಥೆ. ಜನರ ನೆನಪಿನಲ್ಲಿ ಉಳಿದ ಈ ಮಾತನ್ನು ತೂಗಿ ನೋಡುವ ಕೆಲಸ ಇತಿಹಾಸಕಾರರದು. ವಿಜ್ಞಾನದ ಓದುಗನಿಗೆ ಅದರಿಂದ ಏಳುವ ಪ್ರಶ್ನೆ ಬೇರೆ. ತೋಪಿನ ಹಿಂದೆ ನಿಂತ ಗೋಲಂದಾಜನು ಎಂದಿನ ಅಳತೆಯಲ್ಲೇ ಮದ್ದನ್ನು ತುಂಬಿರಬೇಕು. ಅಳತೆ ಸರಿಯಾಗಿದ್ದರೂ ಬಲ ಸರಿಯಿಲ್ಲವೆಂಬುದನ್ನು ಅವನು ಮುಂಚಿತವಾಗಿ ತಿಳಿಯುವ ಬಗೆ ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಮದ್ದಿನ ಸ್ವಭಾವವನ್ನು ಸ್ವಲ್ಪ ನೋಡೋಣ.

ನಳಿಗೆಯೊಳಗೆ ನಡೆಯುವುದೇನು?

ಹಳೆಯ ಕರಿಮದ್ದಿನಲ್ಲಿ ಇರುವುವು ಮೂರೇ ಪದಾರ್ಥಗಳು: ಪೆಟ್ಲುಪ್ಪು, ಇದ್ದಲು, ಗಂಧಕ. ಒಲೆಯಲ್ಲಿ ಸೌದೆ ಉರಿಯಬೇಕಾದರೆ ಗಾಳಿಯಲ್ಲಿನ ಆಮ್ಲಜನಕ ಬೇಕು. ಮದ್ದಿಗೆ ಅದು ಬೇಡ. ಅದರ ಆಮ್ಲಜನಕ ಪೆಟ್ಲುಪ್ಪಿನಲ್ಲಿಯೇ ಅಡಗಿದೆ. ಆದುದರಿಂದ ಮುಚ್ಚಿದ ನಳಿಗೆಯೊಳಗೂ ಅದು ಭರದಿಂದ ಉರಿಯುತ್ತದೆ. ಉರಿದಾಗ ಹುಟ್ಟುವ ಬಿಸಿ ಅನಿಲಗಳು ಹಿಗ್ಗಲು ಹವಣಿಸಿ ಗುಂಡನ್ನು ಮುಂದಕ್ಕೆ ದೂಡುತ್ತವೆ.

ಮದ್ದು ಹೆಚ್ಚಾದಂತೆ ಗುಂಡಿನ ವೇಗವೂ ಹೆಚ್ಚುವುದು ಸಹಜ. ಎಷ್ಟು ಹೆಚ್ಚುತ್ತದೆ? ೧೮ನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಹಟನ್ ಈ ವಿಷಯದಲ್ಲಿ ಅನೇಕ ಪ್ರಯೋಗಗಳನ್ನು ನಡೆಸಿದನು. ಗುಂಡಿನ ವೇಗವು ಮದ್ದಿನ ತೂಕದ ವರ್ಗಮೂಲಕ್ಕೆ ಅನುಗುಣವಾಗಿ ಏರುತ್ತದೆಂದು ಅವನು ಕಂಡುಕೊಂಡನು. ಮದ್ದನ್ನು ನಾಲ್ಕು ಪಟ್ಟು ಮಾಡಿದರೆ ವೇಗ ಎರಡು ಪಟ್ಟಾಗುತ್ತದೆ ಎಂದು ಇದರ ಅರ್ಥ. ಈ ನಿಯಮ ಎಲ್ಲೆಡೆಯೂ ಕರಾರುವಾಕ್ಕಾಗಿ ನಡೆಯುವುದಿಲ್ಲವಾದರೂ ನಮ್ಮ ಲೆಕ್ಕಕ್ಕೆ ಸಾಕು. ಅದರಂತೆ ಮದ್ದು ನೂರಕ್ಕೆ ಹತ್ತು ಪಾಲು ಕಡಿಮೆಯಾದರೆ ವೇಗ ನೂರಕ್ಕೆ ಸುಮಾರು ಐದು ಪಾಲು ತಗ್ಗುತ್ತದೆ.

ಐದು ಪಾಲು ಎಷ್ಟರ ಮಾತು ಎನಿಸಬಹುದು. ಗುಂಡೊಂದು ಸೆಕೆಂಡಿಗೆ ೩೦೦ ಮೀಟರ್ ವೇಗದಿಂದ ಹೊರಟಿತೆನ್ನೋಣ. ಗಾಳಿಯ ತಡೆಯನ್ನು ಸದ್ಯಕ್ಕೆ ಮರೆಯೋಣ. ೧೦೦ ಮೀಟರ್ ದೂರ ಹೋಗುವಷ್ಟರಲ್ಲಿ ಭೂಮಿಯ ಸೆಳೆತದಿಂದ ಅದು ಸುಮಾರು ೫೪ ಸೆಂಟಿಮೀಟರ್ ಕೆಳಗಿಳಿದಿರುತ್ತದೆ. ವೇಗ ಐದು ಪಾಲು ತಗ್ಗಿದ ಗುಂಡು ೬೦ ಸೆಂಟಿಮೀಟರ್ ಇಳಿಯುತ್ತದೆ. ವ್ಯತ್ಯಾಸ ಆರು ಸೆಂಟಿಮೀಟರ್. ದೂರ ಎರಡರಷ್ಟಾದರೆ ವ್ಯತ್ಯಾಸ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ೩೦೦ ಮೀಟರ್ ದೂರದಲ್ಲಿ ಅದು ಅರ್ಧ ಮೀಟರಿಗೂ ಮಿಗಿಲು. ಒಬ್ಬನೇ ಮನುಷ್ಯ, ಒಂದೇ ಬಂದೂಕು, ಒಂದೇ ಗುರಿ. ಆದರೂ ಒಂದು ಗುಂಡು ಎದೆಯೆತ್ತರಕ್ಕೆ, ಇನ್ನೊಂದು ತೊಡೆಯೆತ್ತರಕ್ಕೆ.

ಪಾತ್ರೆ ಏಕೆ ಮೋಸಮಾಡುತ್ತದೆ?

ಹಿಂದಿನ ಕಾಲದ ಕೋವಿಕಾರನು ಮದ್ದನ್ನು ಕೊಂಬಿನಲ್ಲಿ ತುಂಬಿಟ್ಟುಕೊಳ್ಳುತ್ತಿದ್ದನು. ಅದರ ತುದಿಯ ಕಿರುನಳಿಗೆಯೋ ಬೇರೊಂದು ಪುಟ್ಟ ಬಟ್ಟಲೋ ಅವನ ಅಳತೆ. ಇದು ತೂಕವಲ್ಲ, ಗಾತ್ರ. ಗಾತ್ರದ ಅಳತೆ ನೀರಿಗೂ ಎಣ್ಣೆಗೂ ಚೆನ್ನಾಗಿ ಒಪ್ಪುತ್ತದೆ. ಏಕೆಂದರೆ ನೀರಿನಲ್ಲಿ ಸಂದುಗಳಿಲ್ಲ. ಪುಡಿಯಲ್ಲಿ, ಕಾಳಿನಲ್ಲಿ ಹಾಗಲ್ಲ. ಕಣ ಕಣಗಳ ನಡುವೆ ಬರಿಯ ಗಾಳಿ ಕುಳಿತಿರುತ್ತದೆ. ಪಾತ್ರೆ ತುಂಬಿದೆಯೆಂದು ನಾವು ಹೇಳುವಾಗ ಅದರ ಒಂದು ದೊಡ್ಡ ಪಾಲು ಬರಿದಾಗಿಯೇ ಇರುತ್ತದೆ.

ಒಂದೇ ಗಾತ್ರದ ಗುಂಡನೆಯ ಕಣಗಳನ್ನು ಜಾಣ್ಮೆಯಿಂದ ಸಾಲುಸಾಲಾಗಿ ಜೋಡಿಸಿದರೆ ಪಾತ್ರೆಯ ನೂರು ಪಾಲಿನಲ್ಲಿ ಸುಮಾರು ೭೪ ಪಾಲು ತುಂಬಬಹುದು. ಇದಕ್ಕಿಂತ ಹೆಚ್ಚು ಸಾಧ್ಯವಿಲ್ಲವೆಂದು ಜರ್ಮನಿಯ ಖಗೋಲಜ್ಞ ಕೆಪ್ಲರ್ ೧೬೧೧ರಲ್ಲಿ ಊಹಿಸಿದನು. ಹಣ್ಣಿನ ಅಂಗಡಿಯವನು ಮೋಸಂಬಿಗಳನ್ನು ಗೋಪುರದಂತೆ ಜೋಡಿಸುವುದು ಈ ಕ್ರಮದಲ್ಲಿಯೇ. ನೋಡಲು ಇಷ್ಟು ಸರಳವಾದ ಊಹೆಗೆ ಪೂರ್ಣವಾದ ಸಾಧನೆ ದೊರೆಯಲು ಸುಮಾರು ನಾಲ್ಕು ಶತಮಾನಗಳೇ ಹಿಡಿದುವು. ಥಾಮಸ್ ಹೇಲ್ಸ್ ಎಂಬ ಗಣಿತಜ್ಞನು ೧೯೯೮ರಲ್ಲಿ ಅದನ್ನು ಮುಂದಿಟ್ಟನು.

ಆದರೆ ಸುರಿದ ಕಣಗಳು ಸಾಲಾಗಿ ನಿಲ್ಲುವುವೆ? ಅವು ಬಿದ್ದಲ್ಲಿಯೇ ಒಂದಕ್ಕೊಂದು ಆತುಕೊಂಡು ನಿಲ್ಲುತ್ತವೆ. ಮೆಲ್ಲಗೆ ಸುರಿದರೆ ನೂರರಲ್ಲಿ ೫೬ ಪಾಲಿನಷ್ಟು ತುಂಬಬಹುದು. ಚೆನ್ನಾಗಿ ಅಲುಗಿಸಿದರೆ ೬೪ರವರೆಗೆ ಏರಬಹುದು. ಲೆಕ್ಕಹಾಕಿ ನೋಡಿರಿ: ಅಲುಗಿಸಿದ ಪಾತ್ರೆಯಲ್ಲಿ ಏಳರಲ್ಲಿ ಒಂದು ಪಾಲು ಹೆಚ್ಚು ಪದಾರ್ಥ! ಸಂತೆಯಲ್ಲಿ ಸೇರನ್ನು ಅಲುಗಿಸೆಂದು ಪಟ್ಟುಹಿಡಿಯುತ್ತಿದ್ದವನ ಲಾಭ ಇದೇ. ಕಣಗಳು ಗುಂಡಗಿರದೆ ಒಡಕು ಚೂರುಗಳೋ ಕಡ್ಡಿಯ ತುಂಡುಗಳೋ ಆಗಿದ್ದರೆ ವ್ಯತ್ಯಾಸ ಇನ್ನೂ ಹೆಚ್ಚಬಹುದು.

ಪುಡಿಯ ವರ್ತನೆಯಲ್ಲಿ ಇನ್ನೊಂದು ವಿಚಿತ್ರವುಂಟು. ತೊಟ್ಟಿಯಲ್ಲಿ ನೀರಿನ ಮಟ್ಟ ಏರಿದಂತೆ ತಳದ ಮೇಲಿನ ಒತ್ತಡವೂ ಏರುತ್ತ ಹೋಗುತ್ತದೆ. ಎತ್ತರದ ಕಣಜದಲ್ಲಿ ಕಾಳು ತುಂಬಿದರೆ ಹಾಗಾಗುವುದಿಲ್ಲ. ಕಾಳುಗಳು ಗೋಡೆಗೆ ಒತ್ತಿ ಉಜ್ಜುವುದರಿಂದ ಭಾರದ ಬಹುಪಾಲನ್ನು ಗೋಡೆಯೇ ಹೊರುತ್ತದೆ. ಒಂದು ಎತ್ತರದ ಮೇಲೆ ಎಷ್ಟು ತುಂಬಿದರೂ ತಳದ ಒತ್ತಡ ಹೆಚ್ಚುಕಡಿಮೆ ಅಷ್ಟೇ. ಇದನ್ನು ಯಾನ್ಸೆನ್ ಎಂಬ ಜರ್ಮನ್ ಎಂಜಿನಿಯರನು ೧೮೯೫ರಲ್ಲಿ ವಿವರಿಸಿದನು. ಮರಳುಗಡಿಯಾರದ ಮರಳು ಮೊದಲಿನಿಂದ ಕೊನೆಯತನಕ ಬಹುಮಟ್ಟಿಗೆ ಒಂದೇ ವೇಗದಿಂದ ಇಳಿಯುವುದನ್ನು ಓದುಗರು ಕಂಡಿರಬಹುದು. ಆದರೆ ಪುಡಿ ಬಹಳ ತಗ್ಗಿದಾಗ ಈ ಸಮತೆ ಕೆಡುತ್ತದೆ. ಮದ್ದಿನ ಕೊಂಬು ತುಂಬಿರುವಾಗ ಬರುವ ಅಳತೆಗೂ ಬರಿದಾಗುತ್ತ ಬಂದಾಗ ಬರುವ ಅಳತೆಗೂ ವ್ಯತ್ಯಾಸ ಕಾಣುವುದಕ್ಕೆ ಇದೂ ಒಂದು ಕಾರಣ.

ಬಹು ಹಿಂದೆ ಮದ್ದು ಹಿಟ್ಟಿನಂತೆ ನುಣ್ಣಗಿರುತ್ತಿತ್ತು. ಬಂಡಿಯ ಮೇಲೆ ದೂರ ಸಾಗಿಸುವಾಗ ಕುಲುಕಾಟಕ್ಕೆ ಅದರ ಮೂರು ಪದಾರ್ಥಗಳೂ ಬೇರ್ಪಡುತ್ತಿದ್ದುವು. ಒಂದೇ ಪೀಪಾಯಿಯ ಮೇಲಿನ ಮದ್ದು ಒಂದು ಬಗೆ, ತಳದ ಮದ್ದು ಇನ್ನೊಂದು ಬಗೆ. ಮದ್ದನ್ನು ಒದ್ದೆಮಾಡಿ, ಒತ್ತಿ, ಕಾಳುಗಳಾಗಿ ಒಡೆಯುವ ಪದ್ಧತಿ ಯುರೋಪಿನಲ್ಲಿ ೧೫ನೆಯ ಶತಮಾನದಲ್ಲಿ ರೂಢಿಗೆ ಬಂದ ಮೇಲೆ ಪ್ರತಿಯೊಂದು ಕಾಳಿನಲ್ಲಿಯೂ ಮೂರು ಪದಾರ್ಥಗಳು ಒಟ್ಟಿಗೆ ನಿಂತುವು. ಸಮವಾದ ಬಲದತ್ತ ಇಟ್ಟ ಮೊದಲ ದೊಡ್ಡ ಹೆಜ್ಜೆ ಇದು.

ಎರಡನೆಯ ಹೆಜ್ಜೆ ಕಾಗದದ ತೋಟಾ. ಕಂಪನಿಯ ಸಿಪಾಯಿ ರಣರಂಗದಲ್ಲಿ ಮದ್ದನ್ನು ಅಳೆಯುತ್ತಿರಲಿಲ್ಲ. ಒಂದು ಹೊಡೆತಕ್ಕೆ ಬೇಕಾದ ಮದ್ದು, ಗುಂಡು ಎರಡೂ ಮೊದಲೇ ಕಾಗದದಲ್ಲಿ ಸುತ್ತಿ ಸಿದ್ಧವಾಗಿರುತ್ತಿದ್ದುವು. ಆದರೂ ಒಂದು ಕೊರತೆ ಉಳಿದಿತ್ತು. ಅವನ ಚಕಮಕಿ ಕೋವಿಯಲ್ಲಿ ಕಿಡಿ ಹತ್ತಿಸಲು ಅದೇ ತೋಟಾದಿಂದ ಒಂದು ಚಿಟಿಕೆ ಮದ್ದನ್ನು ಕೋವಿಯ ಕಿವಿಯ ಬಳಿಯ ಬಟ್ಟಲಿಗೆ ಸುರಿಯಬೇಕಾಗಿತ್ತು. ಕಾಳಗದ ಗಡಿಬಿಡಿಯಲ್ಲಿ ಆ ಚಿಟಿಕೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಉಳಿದುದೂ ಅದಕ್ಕೆ ತಕ್ಕಂತೆ. ಪೆಟ್ಟು ಬಿದ್ದೊಡನೆ ಕಿಡಿ ಕೊಡುವ ಕೇಪು ಬಂದ ಮೇಲೆಯೇ ಈ ತೊಂದರೆ ನೀಗಿತು.

ಅಕ್ಕಸಾಲಿಗನ ದಾರಿ

ಪಾತ್ರೆ ಮೋಸಮಾಡುವುದಾದರೆ ತಕ್ಕಡಿಯನ್ನು ನಂಬಬೇಕು. ಈ ತಿಳಿವು ನಮ್ಮ ಅಕ್ಕಸಾಲಿಗನಿಗೆ ಎಂದಿನಿಂದಲೂ ಇತ್ತು. ಜೋಳವನ್ನು ಸೇರಿನಿಂದ ಅಳೆದ ಊರಿನಲ್ಲಿಯೇ ಬಂಗಾರವನ್ನು ಗುಲಗಂಜಿಯಿಂದ ತೂಗಿದರು. ಎಂಟು ಗುಂಜಿಗೆ ಒಂದು ಮಾಸಿ, ಹನ್ನೆರಡು ಮಾಸಿಗೆ ಒಂದು ತೊಲೆ. ಕಂಪನಿ ಸರಕಾರ ೧೮೩೩ರಲ್ಲಿ ತೊಲೆಯನ್ನು ೧೮೦ ಗ್ರೇನುಗಳೆಂದು ಗೊತ್ತುಮಾಡಿತು. ಗ್ರೇನ್ ಎಂದರೆ ಕಾಳು. ಮೊದಲಲ್ಲಿ ಅದು ಜವೆಯ ಕಾಳಿನ ತೂಕ. ಇಂದಿನ ಲೆಕ್ಕದಲ್ಲಿ ಒಂದು ಗ್ರೇನಿಗೆ ಸುಮಾರು ೬೫ ಮಿಲಿಗ್ರಾಂ. ಇಂಗ್ಲಿಷ್ ಅಳತೆಯನ್ನು ಬಳಸುವ ದೇಶಗಳಲ್ಲಿ ಬಂದೂಕಿನ ಮದ್ದನ್ನು ಈಗಲೂ ಗ್ರೇನಿನಲ್ಲಿಯೇ ತೂಗುತ್ತಾರೆ. ಚಿನ್ನಕ್ಕೂ ಮದ್ದಿಗೂ ಒಂದೇ ಕಾಳು ಅಳತೆಯಾದುದು ಸೋಜಿಗವಲ್ಲವೆ?

ಅಮೆರಿಕದಂತಹ ಕೆಲವು ದೇಶಗಳಲ್ಲಿ ಗುರಿಕಾರರು ಹಾರಿಸಿದ ತೋಟಾದ ಹಿತ್ತಾಳೆಯ ಕೋಶವನ್ನು ಎಸೆಯದೆ, ಕಾನೂನಿನ ಒಪ್ಪಿಗೆಯಿಂದ ಮನೆಯಲ್ಲಿಯೇ ಅದಕ್ಕೆ ಮತ್ತೆ ಕೇಪು, ಮದ್ದು, ಗುಂಡುಗಳನ್ನು ಕೂಡಿಸುತ್ತಾರೆ. ಖರ್ಚಿನ ಉಳಿತಾಯಕ್ಕಿಂತ ಹೆಚ್ಚಾಗಿ ಅವರಲ್ಲಿ ಅನೇಕರಿಗೆ ಬೇಕಾದುದು ಒಂದು ತೋಟಾದಂತೆಯೇ ಇನ್ನೊಂದು ತೋಟಾ. ಅವರ ಬಳಿ ಎರಡು ಸಾಧನಗಳಿರುತ್ತವೆ. ಒಂದು, ಹಿಡಿಯನ್ನು ತಿರುಗಿಸಿದಾಗ ಗೊತ್ತಾದ ಗಾತ್ರದ ಮದ್ದನ್ನು ಉದುರಿಸುವ ಯಂತ್ರ. ಇದು ನಮ್ಮ ಸೇರಿನ ಮರಿಮಗ. ಇನ್ನೊಂದು, ಗ್ರೇನಿನ ಹತ್ತನೆಯ ಒಂದು ಪಾಲನ್ನು ತೋರಿಸುವ ತಕ್ಕಡಿ. ಇದು ಅಕ್ಕಸಾಲಿಗನ ತಕ್ಕಡಿಯ ಮರಿಮಗ.

ಅವರು ಕಲಿತ ಪಾಠಗಳೆಲ್ಲ ಮೇಲೆ ಹೇಳಿದ ಭೌತಶಾಸ್ತ್ರದಿಂದಲೇ ಹೊರಡುತ್ತವೆ. ಯಂತ್ರದ ಹಿಡಿಯನ್ನು ಪ್ರತಿಸಲವೂ ಒಂದೇ ವೇಗದಿಂದ, ಒಂದೇ ರೀತಿಯಲ್ಲಿ ತಿರುಗಿಸಬೇಕು. ಕೈ ಬದಲಾದರೆ ಕಣಗಳು ಕುಳಿತುಕೊಳ್ಳುವ ಬಗೆ ಬದಲಾಗುತ್ತದೆ. ಮದ್ದಿನ ಬುಡ್ಡಿಯನ್ನು ಬರಿದಾಗಲು ಬಿಡದೆ ಮಟ್ಟವನ್ನು ಕಾಯ್ದುಕೊಳ್ಳಬೇಕು. ಮೊದಲ ಕೆಲವು ಅಳತೆಗಳನ್ನು ಬಳಸದೆ ಬುಡ್ಡಿಗೇ ಹಿಂದಕ್ಕೆ ಹಾಕಬೇಕು. ಅಷ್ಟರಲ್ಲಿ ಮದ್ದು ನೆಲೆಗೊಳ್ಳುತ್ತದೆ. ನಡುನಡುವೆ ಒಂದೊಂದು ಅಳತೆಯನ್ನು ತೂಗಿ ನೋಡಬೇಕು. ತಕ್ಕಡಿಯನ್ನೂ ಕುರುಡಾಗಿ ನಂಬಬಾರದು: ಕಿಟಕಿಯಿಂದ ಬೀಸುವ ಗಾಳಿ, ಅಲುಗುವ ಮೇಜು, ವಿದ್ಯುತ್ ತಕ್ಕಡಿ ಬಿಸಿಯೇರುವ ಹೊತ್ತು ಇವೆಲ್ಲವೂ ಅದನ್ನು ದಾರಿತಪ್ಪಿಸುತ್ತವೆ. ಗೊತ್ತಾದ ತೂಕದ ಬಟ್ಟಿನಿಂದ ಅದನ್ನು ಆಗಾಗ ಒರೆಹಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತುಂಬಿದ ಕೋಶಗಳನ್ನೆಲ್ಲ ಸಾಲಾಗಿಟ್ಟು ಬೆಳಕಿನಲ್ಲಿ ಇಣುಕಿ ನೋಡಬೇಕು. ಮನಸ್ಸು ಬೇರೆಡೆ ಹೋದಾಗ ಒಂದೇ ಕೋಶಕ್ಕೆ ಎರಡು ಸಲ ಮದ್ದು ಬಿದ್ದಿದ್ದರೆ ಅದರ ಫಲ ಬಂದೂಕಿನ ಸ್ಫೋಟ.

ಇಲ್ಲಿ ಇನ್ನೊಂದು ಅಪಾಯವನ್ನು ಹೇಳಲೇಬೇಕು. ಫ್ರಾನ್ಸಿನ ವಿಯೆಯ್ ೧೮೮೪ರಲ್ಲಿ ಹೊಗೆಯಿಲ್ಲದ ಮದ್ದನ್ನು ಕಂಡುಹಿಡಿದನು. ಕರಿಮದ್ದಿಗಿಂತ ಅದರ ಶಕ್ತಿ ಬಹಳ ಹೆಚ್ಚು. ಕರಿಮದ್ದಿಗಾಗಿ ಮಾಡಿದ ಬಟ್ಟಲಿನಿಂದ ಈ ಮದ್ದನ್ನು ಅಳೆದು ಹಳೆಯ ಕೋವಿಗೆ ತುಂಬಿದರೆ ನಳಿಗೆ ಸೀಳದೆ ಇರದು. ಬಟ್ಟಲಿಗೆ ಗಾತ್ರ ಗೊತ್ತು. ತನ್ನೊಳಗಿರುವುದು ಏನೆಂದು ಗೊತ್ತಿಲ್ಲ.

ತಪ್ಪೂ ಒಂದೇ ಸಮನಾಗಿರಲಿ

ಸರಿಯಾದ ಅಳತೆ ಬೇರೆ, ಸಮನಾದ ಅಳತೆ ಬೇರೆ. ಒಬ್ಬನ ಬಟ್ಟಲು ಬೇಕಾದುದಕ್ಕಿಂತ ತುಸು ಚಿಕ್ಕದೆನ್ನೋಣ. ಪ್ರತಿಸಲವೂ ಅಷ್ಟೇ ಕಡಿಮೆ ಬೀಳುವುದಾದರೆ ಅವನ ಗುಂಡುಗಳೆಲ್ಲ ಗುರಿಯಿಂದ ಒಂದೇ ಗೇಣು ಕೆಳಗೆ ಬೀಳುತ್ತವೆ. ಅವನು ನಳಿಗೆಯನ್ನು ತುಸು ಎತ್ತಿ ಹಿಡಿದರೆ ಆಯಿತು. ಇನ್ನೊಬ್ಬನ ಅಳತೆ ಸರಾಸರಿಯಲ್ಲಿ ಸರಿಯಾಗಿದ್ದರೂ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಬೀಳುತ್ತಿದ್ದರೆ ಅವನಿಗೆ ಪರಿಹಾರವೇ ಇಲ್ಲ. ಸ್ಥಿರವಾದ ತಪ್ಪನ್ನು ತಿದ್ದಬಹುದು. ಚಂಚಲವಾದ ತಪ್ಪನ್ನು ತಿದ್ದಲಾಗದು. ಔಷಧದ ಗುಳಿಗೆ ಮಾಡುವ ಕಾರಖಾನೆಗೂ, ಬೀಜ ಬಿತ್ತುವ ಕೂರಿಗೆಗೂ, ಸಿಮೆಂಟು ಕಲಸುವವನಿಗೂ ಈ ಮಾತು ಅನ್ವಯಿಸುತ್ತದೆ.

ಓದುಗರು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮದ್ದಿನಿಂದಲ್ಲ, ಜೋಳದಿಂದ ಅಥವಾ ರವೆಯಿಂದ. ಒಂದು ಚಿಕ್ಕ ಬಟ್ಟಲನ್ನು ಒಂದೇ ರೀತಿಯಲ್ಲಿ ಹತ್ತು ಸಲ ತುಂಬಿ, ಮಟ್ಟಮಾಡಿ, ಪ್ರತಿಸಲವೂ ತೂಗಿ ಬರೆದಿಡಿರಿ. ಅತಿ ಹೆಚ್ಚಿನ ತೂಕದಿಂದ ಅತಿ ಕಡಿಮೆಯದನ್ನು ಕಳೆಯಿರಿ. ಆಮೇಲೆ ಮನೆಯ ಇನ್ನೊಬ್ಬರ ಕೈಯಲ್ಲಿ ಅದೇ ಬಟ್ಟಲನ್ನು ಕೊಟ್ಟು ಹತ್ತು ಸಲ ತುಂಬಿಸಿರಿ. ಕೊನೆಗೆ ಬಟ್ಟಲನ್ನು ಪ್ರತಿಸಲ ಮೂರು ಬಾರಿ ಮೇಜಿಗೆ ಕುಟ್ಟಿ ಮತ್ತೆ ತುಂಬಿರಿ. ಬರೆದಿಟ್ಟ ಮೂರು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ಲೇಖನದ ಅರ್ಧ ಭಾಗ ನಿಮ್ಮ ಕಣ್ಣಮುಂದೆ ಬರುತ್ತದೆ.

ಬಲದ ಪರೀಕ್ಷೆ

ಈಗ ಕಿತ್ತೂರಿನ ಗೋಲಂದಾಜನ ಬಳಿಗೆ ಹಿಂದಿರುಗೋಣ. ಅವನ ಕೈಯಲ್ಲಿ ಅಕ್ಕಸಾಲಿಗನ ತಕ್ಕಡಿಯೇ ಇದ್ದರೂ ಪ್ರಯೋಜನವಾಗುತ್ತಿತ್ತೆ? ಇಲ್ಲ. ಒಂದು ಸೇರು ಮದ್ದಿನ ತೂಕದಷ್ಟೇ ಸೆಗಣಿ ಬೆರೆತ ಮದ್ದನ್ನೂ ತೂಗಬಹುದು. ಬೆರಕೆಯ ಮಾತಿರಲಿ, ಮಲೆನಾಡಿನ ಅಂಚಿನಲ್ಲಿರುವ ಕಿತ್ತೂರಿನ ಮಳೆಗಾಲದಲ್ಲಿ ಮದ್ದು ತೇವವನ್ನು ಹೀರಿದರೆ, ತೂಗಿದುದರಲ್ಲಿ ಒಂದು ಪಾಲು ನೀರೇ ಆಗಿರುತ್ತದೆ. ತಕ್ಕಡಿಗೆ ಭಾರ ಗೊತ್ತು, ಬಲ ಗೊತ್ತಿಲ್ಲ. ಬಲವನ್ನು ತಿಳಿಯಲು ಒಂದೇ ದಾರಿ: ಸ್ವಲ್ಪ ಮದ್ದನ್ನು ಉರಿಸಿ ನೋಡುವುದು.

ಯುರೋಪಿನ ಮದ್ದಿನ ಮನೆಗಳಲ್ಲಿ ಇದಕ್ಕಾಗಿ ಸಾಧನಗಳಿದ್ದುವು. ಒಂದು ಪಿಸ್ತೂಲಿನ ಆಕಾರದ್ದು: ಚಿಟಿಕೆ ಮದ್ದು ಸಿಡಿದಾಗ ಅದರ ಮುಚ್ಚಳ ಹಲ್ಲುಚಕ್ರವೊಂದನ್ನು ತಿರುಗಿಸುತ್ತಿತ್ತು, ಚಕ್ರ ನಿಂತ ಅಂಕವೇ ಮದ್ದಿನ ಬಲ. ಇನ್ನೊಂದು ಗಿಡ್ಡ ತೋಪು: ಗೊತ್ತಾದ ತೂಕದ ಮದ್ದು ಗೊತ್ತಾದ ಭಾರದ ಗುಂಡನ್ನು ಗೊತ್ತಾದ ದೂರಕ್ಕೆ ಎಸೆಯದಿದ್ದರೆ ಆ ಮದ್ದನ್ನು ತಿರಸ್ಕರಿಸುತ್ತಿದ್ದರು.

ಇದಕ್ಕಿಂತ ಸೂಕ್ಷ್ಮವಾದ ಉಪಾಯವನ್ನು ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ೧೭೪೨ರಲ್ಲಿ ಪ್ರಕಟಿಸಿದನು. ಭಾರವಾದ ಮರದ ದಿಮ್ಮಿಯೊಂದನ್ನು ಉಯ್ಯಾಲೆಯಂತೆ ತೂಗುಹಾಕಿ, ಅದಕ್ಕೆ ಗುಂಡು ಹೊಡೆದು, ದಿಮ್ಮಿ ಎಷ್ಟು ತೂಗಿತೆಂಬುದನ್ನು ಅಳೆದರೆ ಗುಂಡಿನ ವೇಗ ದೊರೆಯುತ್ತದೆ. ೩೦ ಗ್ರಾಂ ತೂಕದ ಗುಂಡು ಸೆಕೆಂಡಿಗೆ ೪೦೦ ಮೀಟರ್ ವೇಗದಿಂದ ಬಂದು ೨೪ ಕಿಲೋ ದಿಮ್ಮಿಯಲ್ಲಿ ನಾಟಿಕೊಂಡರೆ, ದಿಮ್ಮಿ ಸೆಕೆಂಡಿಗೆ ಅರ್ಧ ಮೀಟರ್ ವೇಗದಿಂದ ಚಲಿಸತೊಡಗಿ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮೇಲೇರುತ್ತದೆ. ಕಣ್ಣಿಗೆ ಕಾಣದ ವೇಗ ಹೀಗೆ ಕಣ್ಣಿಗೆ ಕಾಣುವ ಏರಿಕೆಯಾಗಿ ಮಾರ್ಪಡುತ್ತದೆ. ಈ ರಾಬಿನ್ಸನೇ ಮುಂದೆ ಕಂಪನಿಯ ಕೋಟೆಗಳನ್ನು ಬಲಪಡಿಸಲು ನಮ್ಮ ದೇಶಕ್ಕೆ ಬಂದು, ೧೭೫೧ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡನು. ಇಂದು ಅವನ ದಿಮ್ಮಿಯ ಕೆಲಸವನ್ನು ಬೆಳಕಿನ ಕಿರಣಗಳಿಂದಲೋ ರಾಡಾರಿನಿಂದಲೋ ನಡೆಯುವ ಪುಟ್ಟ ಯಂತ್ರಗಳು ಮಾಡುತ್ತವೆ.

ಕಾನೂನಿನ ಮಾತು

ಮದ್ದಿನ ವಿಷಯದಲ್ಲಿ ಸರಕಾರದ ಕಣ್ಣು ಎಂದೂ ಎಚ್ಚರವಾಗಿರುತ್ತದೆ. ೧೮೫೭ರಲ್ಲಿ ಜನರ ಆಯುಧಗಳನ್ನು ಕಸಿಯುವ ಕಾಯಿದೆ ಬಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಅದನ್ನು ಒಪ್ಪದೆ ಹೋರಾಡಿ ಪ್ರಾಣವನ್ನು ತೆತ್ತರು. ಅದು ಪರರ ಆಳಿಕೆಯ ಕಾಯಿದೆ. ಸ್ವತಂತ್ರ ಭಾರತದ ೧೯೫೯ರ ಶಸ್ತ್ರಾಸ್ತ್ರ ಕಾಯಿದೆಯ ಉದ್ದೇಶ ಬೇರೆ. ಅದರಂತೆ ಪರವಾನಗಿಯಿಲ್ಲದೆ ಯಾರೂ ಮದ್ದುಗುಂಡುಗಳನ್ನು ತಯಾರಿಸುವಂತಿಲ್ಲ. ಬಂದೂಕಿಗೆ ಪರವಾನಗಿ ಇದ್ದ ಮಾತ್ರಕ್ಕೆ ಮನೆಯಲ್ಲಿ ತೋಟಾ ತುಂಬುವ ಹಕ್ಕು ಬರುವುದಿಲ್ಲ. ಮೇಲೆ ವಿವರಿಸಿದ ಎಚ್ಚರಿಕೆಗಳಲ್ಲಿ ಒಂದು ತಪ್ಪಿದರೂ ಆಗುವ ಅನಾಹುತವನ್ನು ನೆನೆದರೆ ಈ ನಿರ್ಬಂಧ ಯುಕ್ತವೆಂದೇ ತೋರುತ್ತದೆ.

ಅಳತೆಯ ಈ ಕಥೆಯಲ್ಲಿ ಮೂರು ಮೆಟ್ಟಿಲುಗಳಿವೆ. ಪಾತ್ರೆ ಗಾತ್ರವನ್ನು ಹೇಳುತ್ತದೆ. ತಕ್ಕಡಿ ತೂಕವನ್ನು ಹೇಳುತ್ತದೆ. ಪರೀಕ್ಷೆಯೊಂದೇ ಗುಣವನ್ನು ಹೇಳುತ್ತದೆ. ಮೊದಲ ಎರಡನ್ನು ಏರಿ ಮೂರನೆಯದನ್ನು ಬಿಟ್ಟರೆ ಕೋಟೆಯೇ ಕೈಬಿಡಬಹುದೆಂಬುದನ್ನು ಕಿತ್ತೂರಿನ ಜನ ಕಥೆಯಾಗಿ ಹೇಳಿಕೊಂಡು ಬಂದಿದ್ದಾರೆ.